ಸೊನ್ನೆಯ ಬೆಲೆ: ಸೋಲೇ ಕಾಣದ ಬಾಕ್ಸರ್ ದೊಡ್ಡವನೋ, ಸೋತು ಎದ್ದವನೋ?

2025ರ ಸೆಪ್ಟೆಂಬರ್ 14, ರವಿವಾರ ಬೆಳಿಗ್ಗೆ. ಅಮೆರಿಕದ ಲಾಸ್ ವೇಗಾಸ್‌ನಲ್ಲಿ ಆಗಿನ್ನೂ ಶನಿವಾರ ರಾತ್ರಿ. ಬೆಳಗಾವಿಯ ನಮ್ಮ ಓಣಿಯ ಚಹಾದಂಗಡಿಯಲ್ಲಿ ಆರೇಳು ಹುಡುಗರು ಒಂದೇ ಮೊಬೈಲಿಗೆ ತಲೆಗೆ ತಲೆ ತಾಗಿಸಿ ಕೂತಿದ್ದರು. ನೆಟ್‌ಫ್ಲಿಕ್ಸ್‌ನಲ್ಲಿ ಟೆರೆನ್ಸ್ ಕ್ರಾಫರ್ಡ್ ಮತ್ತು ಕನೇಲೊ ಅಲ್ವಾರೆಜ್ ಅವರ ಬಾಕ್ಸಿಂಗ್ ನಡೆದಿತ್ತು. ಪಕ್ಕದ ಬಾಕಿನ ಮೇಲೆ ಕೂತಿದ್ದವರು ಒಂದು ಕಾಲದಲ್ಲಿ ಆನಂದವಾಡಿ ಅಖಾಡದಲ್ಲಿ ಮಣ್ಣು ಮೆತ್ತಿಕೊಂಡ ಹಿರಿಯ ಪೈಲವಾನರು. ಓಣಿಯಲ್ಲಿ ಎಲ್ಲರಿಗೂ ಅವರು ವಸ್ತಾದರು.

"ಕ್ರಾಫರ್ಡ್ ಒಂದೂ ಸೋತಿಲ್ಲರಿ ವಸ್ತಾದರ. ನಲವತ್ತೊಂದು ಆಡ್ಯಾನ, ನಲವತ್ತೊಂದೂ ಗೆದ್ದಾನ" ಎಂದ ಒಬ್ಬ ಹುಡುಗ.

"ಯಾರ್‌ ಯಾರ ಸಂಗಾಟ ಆಡ್ಯಾನ? ಮೊದಲ ಅದನ್ನ ಹೇಳ ತಮ್ಮಾ."

ಹುಡುಗನಿಗೆ ಉತ್ತರ ಹೊಳೆಯಲಿಲ್ಲ. ಬಾಕ್ಸಿಂಗ್ ಈಚೆಗೆ ನಮ್ಮ ಮೊಬೈಲುಗಳಿಗೆ ಬಂದು ಕೂತಿದೆ. ಪರದೆಯ ಮೂಲೆಯಲ್ಲಿ ಬಾಕ್ಸರನ ಹೆಸರಿನ ಕೆಳಗೆ 41-0 ಎಂದೋ 63-2-2 ಎಂದೋ ಮೂಡುತ್ತದೆ. ಆ ಅಂಕಿಗಳನ್ನು ಓದುವುದು ಹೇಗೆ, ಆ ಸೊನ್ನೆಗೆ ಇಷ್ಟೊಂದು ಬೆಲೆ ಯಾಕೆ ಬಂತು, ಅಭಿಮಾನಿಗಳ ಮನಸ್ಸು ಯಾರ ಕಡೆ ವಾಲುತ್ತದೆ ಎಂದು ವಿಚಾರಿಸುತ್ತ ಹೋದರೆ ದಾರಿ ಸುತ್ತಿಬಳಸಿ ವಸ್ತಾದರ ಪ್ರಶ್ನೆಗೇ ಬಂದು ನಿಲ್ಲುತ್ತದೆ.

ಅಂಕಿಗಳನ್ನು ಓದುವ ಬಗೆ

ಮೊದಲ ಅಂಕಿ ಗೆಲುವು, ಎರಡನೆಯದು ಸೋಲು, ಮೂರನೆಯದು ಡ್ರಾ. ಡ್ರಾ ಇಲ್ಲದಿದ್ದರೆ ಮೂರನೆಯ ಅಂಕಿಯನ್ನು ಬರೆಯುವುದಿಲ್ಲ. ಆ ದಿನ ಕಣಕ್ಕಿಳಿಯುವ ಮೊದಲು ಕನೇಲೊ 63 ಗೆದ್ದು, 2 ಸೋತು, 2 ಡ್ರಾ ಮಾಡಿಕೊಂಡಿದ್ದ. ಕ್ರಾಫರ್ಡ್‌ನದು 41 ಗೆಲುವು, ಸೋಲು ಸೊನ್ನೆ. ಈ ಸೊನ್ನೆಗೆ ಬಾಕ್ಸಿಂಗ್ ಲೋಕದಲ್ಲಿ 'ಓ' ಎನ್ನುತ್ತಾರೆ. ಮೊದಲ ಸಲ ಸೋತವನ ಬಗ್ಗೆ 'ಅವನ ಓ ಹೋಯಿತು' ಎಂಬ ಮಾತು ಬರುತ್ತದೆ.

ಗೆಲುವಿಗೆ ಮುಖ್ಯವಾಗಿ ಎರಡು ದಾರಿ. ಕೆಳಗೆ ಬಿದ್ದವನು ರೆಫರಿ ಹತ್ತು ಎಣಿಸುವುದರೊಳಗೆ ಏಳದಿದ್ದರೆ ಅದು ನಾಕೌಟ್. ಎದ್ದರೂ ಆಡುವ ಸ್ಥಿತಿಯಲ್ಲಿಲ್ಲ ಎಂದು ರೆಫರಿಯೇ ನಿಲ್ಲಿಸಿದರೆ ತಾಂತ್ರಿಕ ನಾಕೌಟ್. ಹೀಗೇನೂ ಆಗದೆ ಆಟ ಪೂರ್ತಿ ನಡೆದರೆ ಮೂವರು ತೀರ್ಪುಗಾರರ ಕಾಗದ ನೋಡುತ್ತಾರೆ. ಪಟ್ಟದ ಪಂದ್ಯಗಳು ಸಾಮಾನ್ಯವಾಗಿ 12 ಸುತ್ತು, ಸುತ್ತಿಗೆ 3 ನಿಮಿಷ. ಸುತ್ತು ಗೆದ್ದವನಿಗೆ 10 ಅಂಕ, ಸೋತವನಿಗೆ ಬಹುತೇಕ 9.

ಅಂದು ಮೂವರೂ ಕ್ರಾಫರ್ಡ್‌ಗೇ ಗೆಲುವು ಕೊಟ್ಟರು: 116-112, 115-113, 115-113. ಕೊನೆಯ ಎರಡು ಕಾಗದಗಳ ಪ್ರಕಾರ ಕ್ರಾಫರ್ಡ್ 7 ಸುತ್ತು ಗೆದ್ದಿದ್ದ, ಕನೇಲೊ 5. ಅವುಗಳಲ್ಲಿ ಒಂದೊಂದು ಸುತ್ತು ಆ ಕಡೆಯಿಂದ ಈ ಕಡೆಗೆ ಹೋಗಿದ್ದರೆ ಎರಡೂ ಕಾಗದ 114-114, ಪಂದ್ಯ ಡ್ರಾ. ಸೊನ್ನೆ ಉಳಿಯುತ್ತಿತ್ತು, ಗೆಲುವು ಹೋಗುತ್ತಿತ್ತು. ದಾಖಲೆಯ ಪಟ್ಟಿಯಲ್ಲಿ ಕಲ್ಲಿನಲ್ಲಿ ಕೆತ್ತಿದಂತೆ ಕಾಣುವ ಅಂಕಿ ಕೆಲವೊಮ್ಮೆ ಇಷ್ಟು ತೆಳುವಾದ ದಾರದ ಮೇಲೆ ನಿಂತಿರುತ್ತದೆ.

ಮೇರಿ ಕೋಮ್ ಎಷ್ಟು ಸಲ ಸೋತರು ಎಂದು ಯಾರೂ ಕೇಳುವುದಿಲ್ಲ

ನಮ್ಮಲ್ಲಿ ಬಾಕ್ಸಿಂಗ್ ಅಂದರೆ ಬಹಳ ಜನರಿಗೆ ನೆನಪಾಗುವುದು ಒಲಿಂಪಿಕ್ಸ್. 2008ರಲ್ಲಿ ಬೀಜಿಂಗ್‌ನಲ್ಲಿ ವಿಜೇಂದರ್ ಸಿಂಗ್, 2012ರಲ್ಲಿ ಲಂಡನ್‌ನಲ್ಲಿ ಮೇರಿ ಕೋಮ್, ಟೋಕಿಯೊದಲ್ಲಿ ಲವ್ಲಿನಾ ಬೊರ್ಗೊಹೈನ್. ಮೂವರದೂ ಕಂಚು. ಇವರ ಪದಕ ಎಣಿಸುತ್ತೇವೆ, ಸೋಲು ಎಣಿಸುವುದಿಲ್ಲ. ಅಲ್ಲಿ ಎದುರಾಳಿ ಚೀಟಿ ಎತ್ತಿದಂತೆ ಬರುತ್ತಾನೆ, ಆರಿಸಿಕೊಳ್ಳಲು ಬರುವುದಿಲ್ಲ. ಬಂದವನೊಂದಿಗೆ ಆಡಬೇಕು, ಗೆದ್ದರೆ ಮುಂದಿನ ಸುತ್ತು, ಸೋತರೆ ಊರಿನ ರೈಲು. ವರ್ಷಕ್ಕೆ ಅಂಥ ಹಲವು ಪಂದ್ಯ ಆಡುವವರಿಗೆ ಸೋಲು ಮಳೆಗಾಲದ ಕೆಸರಿನಷ್ಟೇ ಸಹಜ.

ದುಡ್ಡಿಗಾಗಿ ಆಡುವ ವೃತ್ತಿಪರ ಬಾಕ್ಸಿಂಗ್ ಬೇರೆಯದೇ ಲೋಕ. ಅಲ್ಲಿ ಪ್ರತಿ ಪಂದ್ಯಕ್ಕೂ ಎದುರಾಳಿ ಯಾರು, ಊರು ಯಾವುದು, ತೂಕ ಎಷ್ಟು, ಹಣ ಎಷ್ಟು ಎಂದು ಮಾತಾಡಿ ಕರಾರು ಮಾಡಿಕೊಳ್ಳುತ್ತಾರೆ. ಸೊನ್ನೆಯ ಕಥೆ ಹುಟ್ಟುವುದು ಈ ಕರಾರಿನಲ್ಲಿ.

ಜೋಡಿ ಹಚ್ಚುವವರು ಯಾರು?

ಜಾತ್ರೆಯ ಜಂಗಿ ನಿಕಾಲಿ ಕುಸ್ತಿ ನೋಡಿದವರಿಗೆ ಜೋಡಿ ಹಚ್ಚುವುದು ಎಂಥ ಕಸುಬು ಎಂದು ಬಿಡಿಸಿ ಹೇಳಬೇಕಿಲ್ಲ. ಕಮಿಟಿಯ ಹಿರಿಯರು ಮೈಕಟ್ಟು ನೋಡುತ್ತಾರೆ, ವಯಸ್ಸು ನೋಡುತ್ತಾರೆ, ಹೋದ ವರ್ಷ ಯಾರನ್ನು ಚಿತ್ ಮಾಡಿದ್ದ ಎಂದು ಕೇಳುತ್ತಾರೆ. ಜೋಡಿ ತಪ್ಪಿದರೆ ಕುಸ್ತಿ ಎರಡೇ ನಿಮಿಷಕ್ಕೆ ಮುಗಿದು ಜನ ಕೂಗಾಡುತ್ತಾರೆ. ಹಾಗಾಗಿ ಸರಿಸಮ ಜೋಡಿ ಹಚ್ಚುವುದರಲ್ಲಿ ಕಮಿಟಿಗೇ ಲಾಭವಿದೆ.

ವೃತ್ತಿಪರ ಬಾಕ್ಸಿಂಗ್‌ನಲ್ಲಿ ಈ ಕೆಲಸ ಪ್ರಮೋಟರನದು. ಅವನು ಪಂದ್ಯ ಏರ್ಪಡಿಸುತ್ತಾನೆ, ಅದೇ ಹೊತ್ತಿಗೆ ಭರವಸೆಯ ಹುಡುಗನೊಬ್ಬನ ಜೊತೆ ವರ್ಷಗಟ್ಟಲೆ ಕರಾರನ್ನೂ ಮಾಡಿಕೊಂಡಿರುತ್ತಾನೆ. ಅಂದರೆ ಜೋಡಿ ಹಚ್ಚುವ ಹಿರಿಯನೇ ಒಬ್ಬ ಪೈಲವಾನನ ಮಾಲಕನೂ ಆದಂತೆ. ತನ್ನ ಹುಡುಗ ಸೋಲುವುದು ಅವನಿಗೆ ಬೇಡ. ಮೊದಲ ಹತ್ತು ಹದಿನೈದು ಪಂದ್ಯಗಳಿಗೆ ಅವನು ಹುಡುಕುವ ಎದುರಾಳಿ ಒಂದಿಷ್ಟು ಸುತ್ತು ನಿಂತು ಆಡಬೇಕು, ಹುಡುಗನಿಗೆ ಏನಾದರೂ ಕಲಿಸಬೇಕು, ಆದರೆ ಕೊನೆಗೆ ಗೆಲ್ಲಬಾರದು.

ಅಂಥ ಎದುರಾಳಿಯಾಗಿಯೇ ಹೊಟ್ಟೆ ಹೊರೆಯುವವರಿದ್ದಾರೆ. ಇಂಗ್ಲೆಂಡಿನ ಪೀಟರ್ ಬಕ್ಲಿ ಸರಿಯಾಗಿ 300 ಪಂದ್ಯ ಆಡಿದ. ಅದರಲ್ಲಿ ಗೆದ್ದದ್ದು 32, ಸೋತದ್ದು 256, ಡ್ರಾ 12. ಮುಂದೆ ವಿಶ್ವ ಚಾಂಪಿಯನ್ ಆದ ನಸೀಮ್ ಹಮೀದ್ ಕೂಡ ಎಳೆಯನಾಗಿದ್ದಾಗ ಬಕ್ಲಿಯ ಎದುರು ಆಡಿದವನೇ. ಬಕ್ಲಿಗೆ ಆಡಲು ಬರುತ್ತಿರಲಿಲ್ಲ ಎಂದುಕೊಂಡರೆ ತಪ್ಪಾಗುತ್ತದೆ. ಪೆಟ್ಟು ತಿನ್ನದೆ ತಪ್ಪಿಸಿಕೊಂಡು, ಮುಂದಿನ ವಾರದ ಪಂದ್ಯಕ್ಕೆ ಮೈ ಉಳಿಸಿಕೊಳ್ಳುವುದೂ ಒಂದು ವಿದ್ಯೆ. 2008ರಲ್ಲಿ ತನ್ನ 300ನೆಯ, ಅಂದರೆ ಕೊನೆಯ ಪಂದ್ಯವನ್ನು ಆತ ಗೆದ್ದ. ಎಷ್ಟೋ ಬಾಕ್ಸರುಗಳ ಸೊನ್ನೆಯ ಕೆಳಗೆ ಇಂಥವರ ಬೆನ್ನಿದೆ.

ನಮ್ಮ ಕಡೆಯ ಇನ್ನೊಂದು ಹೋಲಿಕೆ ಕೊಡಬಹುದು. ಬಾಗಲಕೋಟೆ, ವಿಜಯಪುರದ ಹಳ್ಳಿಗಳಲ್ಲಿ ತೆರಬಂಡಿ ಸ್ಪರ್ಧೆಗೆ ಎತ್ತು ಕಟ್ಟುವ ರೈತರಿದ್ದಾರಲ್ಲ, ಅವರ ಮುಂದೆ ಹೋಗಿ "ನಮ್ಮ ಜೋಡಿ ಎಲ್ಲೂ ಸೋತಿಲ್ಲ" ಎಂದು ಹೇಳಿ ನೋಡಿ. "ಯಾವ್ಯಾವ ಊರಿಗೆ ಒಯ್ದಿದ್ರಿ?" ಎನ್ನುತ್ತಾರೆ. ಸುತ್ತಲಿನ ನಾಲ್ಕು ಸಣ್ಣ ಹಳ್ಳಿ ಬಿಟ್ಟು ಹೊರಗೆ ಹೋಗದ ಎತ್ತುಗಳಿಗೆ ಸೋಲಲು ಅವಕಾಶವೇ ಸಿಕ್ಕಿಲ್ಲ.

ಹಾಗೆಂದು ಇದೆಲ್ಲ ಮೋಸ ಎನ್ನಲೂ ಬರುವುದಿಲ್ಲ. ತಾಲೀಮಿಗೆ ಸೇರಿ ವರ್ಷವಾದ ಹುಡುಗನನ್ನು ಯಾವ ವಸ್ತಾದನೂ ಹಿಂದ್ ಕೇಸರಿಯ ಎದುರು ಬಿಡುವುದಿಲ್ಲ. ಹುಡುಗ ಬೆಳೆದು ದೊಡ್ಡವನಾದ ಮೇಲೂ ಸಣ್ಣವರ ಜೊತೆಗೇ ಆಡುತ್ತ ಹೋದಾಗ ಜನರಿಗೆ ಅನುಮಾನ ಬರುತ್ತದೆ.

ಸೊನ್ನೆ ದುಬಾರಿಯಾದದ್ದು

ಹಿಂದೆ ಹೀಗಿರಲಿಲ್ಲ. ತೂಕಭೇದ ಬಿಟ್ಟು ಲೆಕ್ಕ ಹಾಕಿದರೆ ಜಗತ್ತು ಕಂಡ ಅತ್ಯುತ್ತಮ ಬಾಕ್ಸರ್ ಶುಗರ್ ರೇ ರಾಬಿನ್ಸನ್ ಎಂದು ಹೇಳುವ ತಿಳಿವಳಿಕಸ್ಥರು ಬಹಳ. ಅವನ ಹೆಸರಲ್ಲಿ 19 ಸೋಲುಗಳಿವೆ. 1940ರಿಂದ 1965ರವರೆಗೆ ಆತ ಆಡಿದ್ದು ಸುಮಾರು 200 ಪಂದ್ಯ, ವರ್ಷಕ್ಕೆ ಎಂಟರಂತೆ. ಮೊದಲ 40 ಪಂದ್ಯ ಗೆದ್ದ ಮೇಲೆ 1943ರ ಫೆಬ್ರವರಿಯಲ್ಲಿ ಜೇಕ್ ಲಮೋಟಾ ಎಂಬವನಿಗೆ ಸೋತ. ಮೂರೇ ವಾರದಲ್ಲಿ ಮತ್ತೆ ಅವನೊಂದಿಗೇ ಆಡಿ ಗೆದ್ದ. ಆ ನಂತರ 1951ರವರೆಗೆ ಅವನನ್ನು ಯಾರೂ ಸೋಲಿಸಲಿಲ್ಲ. ಮೂರು ವಾರದಲ್ಲಿ ಲೆಕ್ಕ ಚುಕ್ತಾ ಆಗುವ ಕಾಲದಲ್ಲಿ ಒಂದು ಸೋಲಿಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ಇದರ ಪಕ್ಕದಲ್ಲಿ ಫ್ಲಾಯ್ಡ್ ಮೇವೆದರ್‌ನನ್ನು ಇಡಿ. 1996ರಿಂದ 2017ರವರೆಗೆ ಆಡಿದ್ದು 50, ಗೆದ್ದದ್ದು 50. ಇಪ್ಪತ್ತೊಂದು ವರ್ಷದಲ್ಲಿ ಐವತ್ತು. ಇಂದಿನ ದೊಡ್ಡ ಬಾಕ್ಸರುಗಳು ವರ್ಷಕ್ಕೆ ಒಂದೆರಡು ಸಲ ಆಡಿದರೆ ಹೆಚ್ಚು. ಹೀಗೆ ಆಡುವುದು ಕಡಿಮೆಯಾದಂತೆ ಒಂದೊಂದು ಸೋಲಿನ ಭಾರ ಹೆಚ್ಚಾಯಿತು. ಎಂಟು ಎಕರೆ ಬಿತ್ತಿದವನಿಗೂ ಒಂದೇ ಎಕರೆ ಬಿತ್ತಿದವನಿಗೂ ಒಂದು ಎಕರೆ ಬೆಳೆ ಹೋದ ದುಃಖ ಒಂದೇ ಅಳತೆಯದಲ್ಲ.

ಜೊತೆಗೆ ಟಿವಿಯ ದುಡ್ಡು ಬಂತು. ಕಂಪನಿ ನಾಟಕಕ್ಕೆ ತಿಕೀಟು ತೆಗೆದಂತೆ, ಮನೆಯಲ್ಲಿ ಕೂತು ಒಂದು ಪಂದ್ಯ ನೋಡಲು ಬೇರೆಯಾಗಿಯೇ ಹಣ ಕಟ್ಟುವ ಪದ್ಧತಿ ಅಮೆರಿಕದಲ್ಲಿ ಬೆಳೆಯಿತು. 2015ರಲ್ಲಿ ಮೇವೆದರ್ ಮತ್ತು ಫಿಲಿಪೀನ್ಸ್‌ನ ಮ್ಯಾನಿ ಪಕಿಯಾವ್ ಅವರ ಪಂದ್ಯಕ್ಕೆ ಹೀಗೆ ಸುಮಾರು 46 ಲಕ್ಷ ಖರೀದಿ ಆಯಿತು. ಬಾಕ್ಸಿಂಗ್ ಗೊತ್ತಿಲ್ಲದ ಗಿರಾಕಿಗೆ ತಿಕೀಟು ಮಾರಲು 'ಇವನು ಸೋತೇ ಇಲ್ಲ' ಎನ್ನುವುದಕ್ಕಿಂತ ಸುಲಭದ ಮಾತು ಸಿಗಲಿಕ್ಕಿಲ್ಲ. ಬಾಕಿಯದೆಲ್ಲ ವಿವರಿಸಿ ಹೇಳಬೇಕಾಗುತ್ತದೆ.

ಮೇವೆದರ್‌ನ 50ರಲ್ಲಿ ಒಂದು ತಮಾಷೆ ಇದೆ. ಹೆವಿವೇಟ್ ಚಾಂಪಿಯನ್ ರಾಕಿ ಮಾರ್ಸಿಯಾನೊ 1956ರಲ್ಲಿ 49-0 ದಾಖಲೆಯೊಂದಿಗೆ ನಿವೃತ್ತನಾಗಿದ್ದ. ಆ 49 ಎಷ್ಟು ಪವಿತ್ರ ಸಂಖ್ಯೆಯಾಯಿತೆಂದರೆ 1985ರಲ್ಲಿ 48-0 ತಲುಪಿದ್ದ ಲ್ಯಾರಿ ಹೋಮ್ಸ್ ಮುಂದಿನ ಪಂದ್ಯದಲ್ಲಿ ಮೈಕಲ್ ಸ್ಪಿಂಕ್ಸ್‌ಗೆ ಸೋತದ್ದನ್ನು ಇಂದಿಗೂ ಜನ ಮರೆತಿಲ್ಲ. ಮೇವೆದರ್ ಆ 49ನ್ನು ದಾಟಿದ ಐವತ್ತನೆಯ ಪಂದ್ಯ ಕಾನರ್ ಮೆಕ್‌ಗ್ರೆಗರ್ ಎಂಬ ಬೇರೆ ಆಟದ ಚಾಂಪಿಯನ್ ಎದುರಿನದು. ಮೆಕ್‌ಗ್ರೆಗರ್‌ಗೆ ಅದು ವೃತ್ತಿಪರ ಬಾಕ್ಸಿಂಗ್‌ನ ಮೊಟ್ಟಮೊದಲ ಪಂದ್ಯ. ವಸ್ತಾದರ ಪ್ರಶ್ನೆ ಮತ್ತೆ ನೆನಪಾಗುತ್ತದೆ.

ಸೊನ್ನೆ ಒಡೆಯುವ ರಾತ್ರಿ

ಸೋಲದವನ ಪಂದ್ಯಕ್ಕೆ ತಿಕೀಟು ತೆಗೆದವರೆಲ್ಲ ಅವನ ಅಭಿಮಾನಿಗಳಲ್ಲ. ಮೇವೆದರ್ ಬಡಾಯಿ ಕೊಚ್ಚಿಕೊಂಡು, ನೋಟಿನ ಕಂತೆ ತೋರಿಸಿ ಜನರನ್ನು ಕೆಣಕುತ್ತಿದ್ದ. ಇವತ್ತಾದರೂ ಇವನ ಸೊಕ್ಕು ಇಳಿಯಲಿ ಎಂದು ಹಣ ಕಟ್ಟಿದವರು ಕಡಿಮೆಯಿರಲಿಲ್ಲ. ಬರೀ ಸೊನ್ನೆ ನೋಡಲು ಬರುವವರಿಗಿಂತ ಅದು ಒಡೆಯಬಹುದು ಎಂಬ ಆಸೆಗೋ ಅಂಜಿಕೆಗೋ ಬರುವವರು ಜಾಸ್ತಿ ಎಂದು ನನಗೆ ಅನ್ನಿಸುತ್ತದೆ.

ಇಬ್ಬರ ಬಳಿಯೂ ಸೊನ್ನೆ ಇದ್ದರಂತೂ ಹಬ್ಬ. 1971ರ ಮಾರ್ಚ್ 8ರಂದು ನ್ಯೂಯಾರ್ಕ್‌ನಲ್ಲಿ ಮುಹಮ್ಮದ್ ಅಲಿ 31-0, ಜೋ ಫ್ರೇಜಿಯರ್ 26-0. ಇಬ್ಬರಿಗೂ ತಲಾ 25 ಲಕ್ಷ ಡಾಲರ್, ಆ ಕಾಲಕ್ಕೆ ಕಿವಿಯಲ್ಲಿ ಕೇಳದ ಮೊತ್ತ. ಹದಿನೈದು ಸುತ್ತಿನ ಕೊನೆಗೆ ಅಲಿ ಸೋತ.

1990ರ ಫೆಬ್ರವರಿಯಲ್ಲಿ ಟೋಕಿಯೊದಲ್ಲಿ 37-0 ಇದ್ದ ಮೈಕ್ ಟೈಸನ್‌ನನ್ನು ಬಸ್ಟರ್ ಡಗ್ಲಸ್ ಹತ್ತನೆಯ ಸುತ್ತಿನಲ್ಲಿ ಕೆಡವಿದ. ಡಗ್ಲಸ್ ಮೇಲೆ ಒಂದಕ್ಕೆ ನಲವತ್ತೆರಡು ಬಾಜಿ ಇತ್ತು. ನೆಲದ ಮೇಲೆ ತಡಕಾಡುತ್ತ ಬಾಯಿಂದ ಜಾರಿದ ಹಲ್ಲುಗಾಪನ್ನು ಟೈಸನ್ ಹುಡುಕಿದ ದೃಶ್ಯ ಅವನ ಎಷ್ಟೋ ನಾಕೌಟ್‌ಗಳಿಗಿಂತ ಹೆಚ್ಚು ಜನರ ಕಣ್ಣಲ್ಲಿ ಉಳಿದಿದೆ.

ಇಂಥದ್ದೊಂದು ರಾತ್ರಿ ನಮ್ಮ ಮಗ್ಗುಲಲ್ಲೇ ಆಗಿಹೋಗಿದೆ. ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದರೆ ಪಣಜಿ 150 ಕಿ.ಮೀ. ಒಳಗೇ. 2021ರ ಮಾರ್ಚ್ 19ರಂದು ಅಲ್ಲಿ ಕ್ಯಾಸಿನೊ ಹಡಗೊಂದರ ಮೇಲ್ಚಾವಣಿಯಲ್ಲಿ ಕಣ ಕಟ್ಟಿದ್ದರು. 2015ರಲ್ಲಿ ವೃತ್ತಿಪರನಾಗಿ, ಅಲ್ಲಿಯವರೆಗೆ 12-0 ದಾಖಲೆ ಇಟ್ಟುಕೊಂಡಿದ್ದ ವಿಜೇಂದರ್ ಸಿಂಗ್, ತನಗಿಂತ ಎತ್ತರದ ರಷ್ಯಾದ ಆರ್ತಿಶ್ ಲೋಪ್ಸನ್ ಎದುರು ಐದನೆಯ ಸುತ್ತಿನಲ್ಲಿ ಸೋತ. ಅದರ ಮರುವರ್ಷ ರಾಯಪುರದಲ್ಲಿ ಘಾನಾದ ಬಾಕ್ಸರ್ ಒಬ್ಬನನ್ನು ಎರಡನೆಯ ಸುತ್ತಿನಲ್ಲೇ ಮುಗಿಸಿ ಮತ್ತೆ ಗೆಲುವಿನ ದಾರಿಗೆ ಬಂದ. ಆದರೆ ದಾಖಲೆಯ ಸೊನ್ನೆ ಒಮ್ಮೆ ಹೋಯಿತೆಂದರೆ ಹೋಯಿತು. ಎಷ್ಟು ಗೆದ್ದರೂ ಅದು ತಿರುಗಿ ಬರುವುದಿಲ್ಲ.

ಎಲ್ಲ ಸೋಲಿನ ತೂಕವೂ ಒಂದೇ ಅಲ್ಲ

ಪಟ್ಟಿಯಲ್ಲಿ 1 ಎಂದು ಬರೆದ ಮೇಲೆ ಅದು ಯಾವ ಬಗೆಯ ಒಂದು ಎಂದು ಗೊತ್ತಾಗುವುದಿಲ್ಲ. ರಾಯ್ ಜೋನ್ಸ್ 34-0 ಇದ್ದಾಗ, 1997ರಲ್ಲಿ, ಮೊಣಕಾಲೂರಿದ್ದ ಮಾಂಟೆಲ್ ಗ್ರಿಫಿನ್‌ಗೆ ಹೊಡೆದ ತಪ್ಪಿಗೆ ಅನರ್ಹನಾಗಿ ಸೋತ. ಅದೇ ವರ್ಷ ಮರುಪಂದ್ಯದಲ್ಲಿ ಗ್ರಿಫಿನ್‌ನನ್ನು ಮೊದಲ ಸುತ್ತಿನಲ್ಲೇ ಮಲಗಿಸಿದ. ಆ ಮೊದಲ ಸೋಲನ್ನು ಅಭಿಮಾನಿಗಳು ಸೋಲಿನ ಲೆಕ್ಕಕ್ಕೆ ಹಿಡಿಯಲು ಒಪ್ಪುವುದಿಲ್ಲ.

2012ರಲ್ಲಿ ಸೋಲು ಕಾಣದ ಟಿಮೊಥಿ ಬ್ರಾಡ್ಲಿ ಎದುರು ಪಕಿಯಾವ್ ಸೋತನೆಂದು ಇಬ್ಬರು ತೀರ್ಪುಗಾರರು ಬರೆದಾಗ ಕೂತವರು ದಂಗಾದರು. ಪಟ್ಟ ಕೊಡುವ ಸಂಸ್ಥೆ ಡಬ್ಲ್ಯುಬಿಒ ಮತ್ತೆ ಐವರಿಂದ ಪಂದ್ಯ ಪರೀಕ್ಷೆ ಮಾಡಿಸಿತು. ಐವರೂ ಪಕಿಯಾವ್ ಗೆದ್ದ ಎಂದರು. ಆದರೂ ಫಲಿತಾಂಶ ಬದಲಾಗಲಿಲ್ಲ. ಬ್ರಾಡ್ಲಿಯ ಸೊನ್ನೆ ಹಾಗೇ ಉಳಿಯಿತು.

ಇದರ ತಿರುಗುಮುರುಗು ಮೆಕ್ಸಿಕೊದ ಹೂಲಿಯೊ ಸೀಸರ್ ಚಾವೆಜ್‌ನದು. 87-0 ಇದ್ದಾಗ, 1993ರಲ್ಲಿ, ಪರ್ನೆಲ್ ವಿಟೇಕರ್ ಅವನನ್ನು ಚೆನ್ನಾಗಿಯೇ ಸೋಲಿಸಿದ ಎಂದು ನೋಡಿದವರು ಬಹುಮಂದಿ ಹೇಳಿದರು. ತೀರ್ಪು ಬಂದದ್ದು ಡ್ರಾ ಎಂದು. ಚಾವೆಜ್‌ನ ಸೊನ್ನೆ ಕಾಗದದಲ್ಲಿ ಇನ್ನೂ ನಾಲ್ಕು ತಿಂಗಳು ಬದುಕಿತು. 1994ರ ಜನವರಿಯಲ್ಲಿ ಫ್ರ್ಯಾಂಕಿ ರಾಂಡಾಲ್ ಅದನ್ನು ಮುಗಿಸಿದ.

ನಮ್ಮ ತಾಲೀಮುಗಳಲ್ಲಿ ಸೋಲೇ ಕಾಣದವನೆಂದು ಹೆಸರು ಹೇಳಿ ಕೈ ಮುಗಿಯುವ ಗಾಮಾ ಪೈಲವಾನನ ಕಥೆಯಲ್ಲೂ ಬರೋಬರಿ ಆದ ಕುಸ್ತಿಗಳಿವೆ. 1910ರಲ್ಲಿ ಲಂಡನ್‌ನಲ್ಲಿ ಪೋಲೆಂಡಿನ ಜ್‌ಬಿಷ್ಕೊ ಎರಡು ತಾಸಿಗೂ ಮಿಕ್ಕಿ ನೆಲಕ್ಕೆ ಅಂಟಿಕೊಂಡೇ ಇದ್ದು ಗಾಮಾನಿಗೆ ಗೆಲುವು ಕೊಡಲಿಲ್ಲ. 1928ರಲ್ಲಿ ಪಟಿಯಾಲಾದಲ್ಲಿ ಮತ್ತೆ ಎದುರಾದಾಗ ಒಂದು ನಿಮಿಷವೂ ಹಿಡಿಯಲಿಲ್ಲ. ಆ ಗೆಲುವಿನ ರುಚಿ ಹದಿನೆಂಟು ವರ್ಷ ಹಿಂದಿನ ಆ ಬರೋಬರಿಯಿಂದ ಬಂದದ್ದು.

ಸೋತವನ ಮೇಲೆ ಯಾಕಿಷ್ಟು ಜೀವ?

ಅರ್ಟುರೊ ಗ್ಯಾಟಿ 40 ಗೆದ್ದು 9 ಸೋತವನು. ಮಿಕಿ ವಾರ್ಡ್ 38 ಗೆದ್ದು 13 ಸೋತವನು. ಲೆಕ್ಕದ ಪುಸ್ತಕ ನೋಡಿದರೆ ಇಬ್ಬರೂ ನಡುತರಗತಿಯ ಬಾಕ್ಸರುಗಳು. ಆದರೆ 2002-03ರಲ್ಲಿ ಇವರಿಬ್ಬರು ಆಡಿದ ಮೂರು ಪಂದ್ಯಗಳನ್ನು ಬಾಕ್ಸಿಂಗ್ ಪ್ರಿಯರು ಇವತ್ತಿಗೂ ಹುಡುಕಿಕೊಂಡು ನೋಡುತ್ತಾರೆ. ಆ ಮೂರರಲ್ಲಿ ಒಂದೂ ಪಟ್ಟದ ಪಂದ್ಯವಲ್ಲ. ಮೊದಲನೆಯದನ್ನು ವಾರ್ಡ್ ಗೆದ್ದ, ಉಳಿದ ಎರಡನ್ನು ಗ್ಯಾಟಿ. ಒಬ್ಬ ಬಿದ್ದು ಎದ್ದಾಗಲೆಲ್ಲ ಇನ್ನೊಬ್ಬ ಹಿಂದೆ ಸರಿಯದೆ ಕಾದು ನಿಂತ. ಒಂಬತ್ತು ಸೋಲು ಹೊತ್ತ ಗ್ಯಾಟಿಯ ಹೆಸರು 2013ರಲ್ಲಿ ಬಾಕ್ಸಿಂಗ್‌ನ ಅಂತರರಾಷ್ಟ್ರೀಯ ಹಾಲ್ ಆಫ್ ಫೇಮ್ ಸೇರಿತು.

ಇದಕ್ಕೆ ಕಾರಣ ದೂರ ಹುಡುಕಬೇಕಿಲ್ಲ. ಸೋಲದವನ ಬಗ್ಗೆ ನಮಗೆ ಒಂದು ವಿಷಯ ಗೊತ್ತೇ ಇರುವುದಿಲ್ಲ: ಬಿದ್ದರೆ ಇವನು ಏನು ಮಾಡುತ್ತಾನೆ? ಸೋತವನು ಅದನ್ನು ತೋರಿಸಿ ಆಗಿದೆ. ಫ್ರೇಜಿಯರ್‌ಗೆ ಸೋತ ಅಲಿ, 1973ರಲ್ಲಿ ಕೆನ್ ನಾರ್ಟನ್ ಎದುರು ದವಡೆ ಮುರಿದುಕೊಂಡು ಮತ್ತೆ ಸೋತ. ಮುಂದಿನ ವರ್ಷ ಆಫ್ರಿಕಾದ ಕಿನ್ಶಾಸಾದಲ್ಲಿ ಅವನ ಎದುರು ನಿಂತವನು 40-0 ದಾಖಲೆಯ ಜಾರ್ಜ್ ಫೋರ್ಮನ್. ಫ್ರೇಜಿಯರ್ ಮತ್ತು ನಾರ್ಟನ್ ಇಬ್ಬರನ್ನೂ ಎರಡೆರಡು ಸುತ್ತಿನಲ್ಲಿ ಹೊಸಕಿಹಾಕಿದ್ದವನು. ಅಲಿ ಹಗ್ಗಕ್ಕೆ ಒರಗಿ ಪೆಟ್ಟು ತಿಂದು ತಿಂದು ಅವನನ್ನು ದಣಿಸಿ, ಎಂಟನೆಯ ಸುತ್ತಿನಲ್ಲಿ ಕೆಡವಿದ. ಆ ಎರಡು ಸೋಲುಗಳನ್ನು ತೆಗೆದುಹಾಕಿದರೆ ಕಿನ್ಶಾಸಾ ಇನ್ನೊಂದು ದೊಡ್ಡ ಗೆಲುವಾಗಿ ಉಳಿಯುತ್ತಿತ್ತು, ಅಷ್ಟೆ.

ಹಾಗಾದರೆ ಅಭಿಮಾನಿ ಯಾರ ಕಡೆ?

ಅಭಿಮಾನಿ ಎಂದರೆ ಒಬ್ಬನೇ ಅಲ್ಲ. ವರ್ಷಕ್ಕೊಮ್ಮೆ ನೋಡುವವನಿಗೆ ಸೊನ್ನೆ ಬೇಕು. ಅವನಿಗೆ ಅದೇ ಗುರುತಿನ ಚೀಟಿ. ಪ್ರತಿ ವಾರ ನೋಡುವವನು ಸೊನ್ನೆಯನ್ನು ಅನುಮಾನದಿಂದ ನೋಡುತ್ತಾನೆ, ಎದುರಾಳಿಗಳ ಪಟ್ಟಿ ತೆಗೆದು ಓದುತ್ತಾನೆ. ಸೋತರೂ ಅವನು ಕ್ಷಮಿಸುತ್ತಾನೆ, ಆದರೆ ಕರಾರು ಹಾಕುತ್ತಾನೆ: ಒಳ್ಳೆಯವನ ಎದುರೇ ಸೋತಿರಬೇಕು, ಆಡಿ ಸೋತಿರಬೇಕು, ನೆಪ ಹೇಳಬಾರದು, ಆಗುವುದಾದರೆ ಮತ್ತೆ ಅವನ ಎದುರೇ ಆಡಬೇಕು.

ಕನೇಲೊ ಈ ಕರಾರಿಗೆ ಹೆಚ್ಚುಕಡಿಮೆ ಹೊಂದುವ ಮನುಷ್ಯ. ಮೊದಲ ಸೋಲು 2013ರಲ್ಲಿ, 23ನೆಯ ವಯಸ್ಸಿಗೆ, ಮೇವೆದರ್ ಎದುರು. ಎರಡನೆಯದು 2022ರಲ್ಲಿ, ತನ್ನ ತೂಕ ಬಿಟ್ಟು ಮೇಲೆ ಹೋಗಿ, ಆಗ ಸೋಲನ್ನೇ ಕಾಣದಿದ್ದ ದ್ಮಿತ್ರಿ ಬಿವೋಲ್ ಎದುರು. ಎರಡು ಸೋಲುಗಳ ನಂತರವೂ ಅಂದು ಲಾಸ್ ವೇಗಾಸ್‌ನಲ್ಲಿ ದೊಡ್ಡ ಹೆಸರು ಅವನದೇ ಆಗಿತ್ತು. ಕ್ರಾಫರ್ಡ್‌ಗೆ ಸೊನ್ನೆ ಇತ್ತು; ಆದರೆ ಆ ಸೊನ್ನೆಗೆ ಪೂರ್ತಿ ಬೆಲೆ ಬಂದದ್ದು ಅದನ್ನು ಪಣಕ್ಕಿಟ್ಟಾಗ. 2023ರಲ್ಲಿ 28-0 ಇದ್ದ ಎರಲ್ ಸ್ಪೆನ್ಸ್‌ನನ್ನು ಒಂಬತ್ತನೆಯ ಸುತ್ತಿನಲ್ಲಿ ಸೋಲಿಸಿದ. ಎರಡು ವರ್ಷದ ಮೇಲೆ, 38ರ ಹೊಸ್ತಿಲಲ್ಲಿ, ಎರಡು ತೂಕದ ವರ್ಗ ಮೇಲೇರಿ ಕನೇಲೊನನ್ನು. ಅದೇ ಡಿಸೆಂಬರ್‌ನಲ್ಲಿ 42-0 ಎಂದು ಬರೆಸಿಕೊಂಡು ನಿವೃತ್ತಿ ಸಾರಿದ.

ಆ ರವಿವಾರ ತೀರ್ಪು ಬಂದ ಮೇಲೆ ಹುಡುಗರು ವಸ್ತಾದರತ್ತ ತಿರುಗಿ ಕೂತರು. ಈಗ ಅವರ ಬಳಿ ಉತ್ತರ ಇತ್ತು.

"ಈಗ ಹೇಳ್ರಿ ವಸ್ತಾದರ, ಎಂಥಾವನ ಸಂಗಾಟ ಆಡ್ಯಾನ ನೋಡಿದ್ರಲ್ಲ?"

"ಹೌದಪಾ, ಗಂಡ ಅದಾನ ಅಂವಾ, ಇಲ್ಲ ಅನ್ನಾಂಗಿಲ್ಲ" ಎಂದು ವಸ್ತಾದರು ಬಸಿಯಲ್ಲಿದ್ದ ಚಹಾ ಮುಗಿಸಿ, ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದರು. ನಾಲ್ಕು ಹೆಜ್ಜೆ ಹೋದವರು ನಿಂತು ಕೇಳಿದರು:

"ಆ ಸೋತ ಹುಡುಗ ಮತ್ತ ಯಾವಾಗ ಆಡ್ತಾನ?"